ಕೆಚ್ಚಲಿಗೆ ತಾಗಿದ್ದು ಯಾರ ಕಣ್ಣು?

ಹಸುವಿನ ಕೆಚ್ಚಲು ಬಾತರೆ ನಮ್ಮ ತವರಿನಲ್ಲಿ ಇಂದಿಗೂ ಮೊದಲು ಹುಡುಕುವುದು ದೃಷ್ಟಿ ಹಾಕಿದ ಹೆಂಗಸನ್ನು. ಮಜ್ಜಿಗೆಗೆ ಬಂದ ವಿಧವೆಯೋ, ಮಕ್ಕಳಿಲ್ಲದ ಪಕ್ಕದ ಮನೆಯವಳೋ, ಒಬ್ಬಳು ಸಿಕ್ಕೇ ಸಿಗುತ್ತಾಳೆ. ಯಾರೂ ಸಿಗದಿದ್ದರೆ ಹಾಲು ಕರೆದವಳ ಕೈಗುಣ! ಈ ಮಾತು ಕೇಳಿ ಕೇಳಿ ನಮ್ಮ ಅತ್ತಿಗೆ ಸೋತುಹೋಗಿದ್ದಾರೆ.

ಕೊಟ್ಟಿಗೆಯ ನೆಲವನ್ನು ಯಾರಾದರೂ ನೋಡಿದ್ದಾರೆಯೇ? ಕಲ್ಲು ಕಿತ್ತ ಗುಂಡಿಗಳಲ್ಲಿ ಗಂಜಲ ನಿಂತಿರುತ್ತದೆ. ಹಾಲು ಕರೆದ ಮೇಲೆ ಸುಮಾರು ಅರ್ಧ ಗಂಟೆ ಮೊಲೆತೊಟ್ಟಿನ ರಂಧ್ರ ಪೂರ್ತಿ ಮುಚ್ಚಿರುವುದಿಲ್ಲ. ಆಗ ಹಸು ಆ ಕೊಚ್ಚೆಯಲ್ಲಿ ಮಲಗಿದರೆ ರೋಗಾಣು ಒಳಹೋಗುತ್ತದೆ. ಕರೆದ ಕೂಡಲೇ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು, ಮುಂದೆ ಮೇವು ಹಾಕಬೇಕು. ತಿನ್ನುವಷ್ಟು ಹೊತ್ತು ಹಸು ನಿಂತಿರುತ್ತದೆ. ಬಾವು ಬಂದ ಹಸುವನ್ನು ಕೊನೆಗೆ ಕರೆಯಬೇಕು. ಇದನ್ನೆಲ್ಲ ಡಾಕ್ಟರು ಹೇಳಿದ್ದಾರೆ, ಅಣ್ಣನಿಗೆ! ಅಣ್ಣ ಹಾಲು ಕರೆದವನೇ ಅಲ್ಲ. ಅತ್ತಿಗೆ ಒಳಗೆ ಡಾಕ್ಟರಿಗೆ ಕಾಫಿ ಮಾಡುತ್ತಿದ್ದರು.

ಪೇಟೆಯವರಾದ ನಮಗೇನು ಎನ್ನಬೇಡಿ. ಔಷಧಿ ಕೊಟ್ಟ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಚೆಲ್ಲಬೇಕು. ನಷ್ಟವೆಂದು ಕ್ಯಾನಿಗೆ ಸುರಿದರೆ ಅದು ಬರುವುದು ನಮ್ಮ ಮಕ್ಕಳ ಲೋಟಕ್ಕೇ.

ಅಣ್ಣನಿಗೆ ಹೇಳಿದ್ದೇನೆ: ಈ ಗೌರಿ ಹಬ್ಬಕ್ಕೆ ನನಗೆ ಸೀರೆ ಬೇಡ, ಕೊಟ್ಟಿಗೆಯ ನೆಲ ಸರಿಮಾಡಿಸು. ಮುಂದಿನ ಸಲ ಡಾಕ್ಟರು ಬಂದಾಗ ಕಾಫಿ ನೀನು ಮಾಡು, ಅತ್ತಿಗೆ ಕೊಟ್ಟಿಗೆಯಲ್ಲಿರಲಿ.