ಗೋಡೆಯ ಪಸೆಗೆ ಪೈಂಟು ಮದ್ದಲ್ಲ

ಆಟಿ ತಿಂಗಳು ಬಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಒಂದೇ ಸುದ್ದಿ. ಹಿಂದಾಣ ಕೋಣೆಯ ಗೋಡೆ ಚೆಂಡಿ, ಕವಾಟಿಲಿ ಮಡುಗಿದ ಸೀರೆಗೆ ಬೂಸರು, ನೆಲಲ್ಲಿ ಕಾಲು ಮಡುಗಿರೆ ಜಾರುತ್ತು. "ಮಳೆಗಾಲ ಅಲ್ಲದೋ, ಹಾಂಗೇ" ಹೇಳಿ ಎಲ್ಲೋರೂ ಸುಮ್ಮನೆ ಕೂರ್ತವು. ಮಳೆ ಬಿಟ್ಟ ಮೇಲೆ ಪೈಂಟಿನವು ಬತ್ತವು. ಮತ್ತಾಣ ವರ್ಷ ಅದೇ ಜಾಗೆಲಿ ಪೈಂಟು ಗುಳ್ಳೆ ಎದ್ದು ಉದುರುತ್ತು.

ಎನ್ನ ಅಭಿಪ್ರಾಯ ಇಷ್ಟೆ. ಪಸೆ ಹೆಚ್ಚಾಗಿ ಗೋಡೆಯ ರೋಗ ಅಲ್ಲ, ಜಾಲಿನ ರೋಗ. ಮದ್ದು ಹೆರಂದ ಸುರು ಆಯೆಕ್ಕು.

ಲೆಕ್ಕ ಹಾಕಿ ನೋಡಿ. 1,000 ಚದರ ಅಡಿಯ ಮಾಡಿಂಗೆ 100 ಮಿಲಿಮೀಟರು ಮಳೆ ಬಿದ್ದರೆ ಸುಮಾರು 9,000 ಲೀಟರು ನೀರು ಕೆಳ ಇಳಿತ್ತು. ಜೋರು ಮಳೆಗೆ ಒಂದೇ ದಿನ ಸಾಕು. ಆ ನೀರು ಪಂಚಾಂಗದ ಬುಡಲ್ಲೇ ನಿಂದರೆ ಎಲ್ಲಿಗೆ ಹೋಯೆಕ್ಕು? ಮುರಕಲ್ಲಿಲಿ ಪೂರಾ ಸಣ್ಣ ಸಣ್ಣ ಒಟ್ಟೆ. ಬತ್ತಿ ಎಣ್ಣೆ ಎಳದ ಹಾಂಗೆ ಅದು ನೀರಿನ ಮೇಲಂಗೆ ಎಳೆತ್ತು. ಸುಣ್ಣದ ಗೋಡೆ ಆ ಪಸೆಯ ಗಾಳಿಗೆ ಬಿಟ್ಟೊಂಡಿತ್ತು. ಈಗ ಒಳಂದ ನೀರು ದಾಂಟದ್ದ ಪೈಂಟು ಬಳುಗಿರೆ ಪಸೆ ಅಲ್ಲೇ ಸಿಕ್ಕಿಗೊಂಡು, ಇನ್ನೊಂದು ಗೇಣು ಮೇಲೆ ಹತ್ತಿ ಹೆರ ಬತ್ತು. ಗೋಡೆಲಿ ಬೆಳಿ ಹೊಡಿ ಕಾಂಬದು ನೀರಿನೊಟ್ಟಿಂಗೆ ಬಂದ ಉಪ್ಪು.

ಮತ್ತೆ ಈಗಾಣ ಇಂಟರ್‌ಲಾಕು! ಹಳೆ ಜಾಲಿನ ಮೇಲೆಯೇ ಹೊಡಿ ಹರಗಿ ಕಲ್ಲು ಕೂರುಸುತ್ತವು. ಜಾಲು ಪಂಚಾಂಗದ ಎತ್ತರಕ್ಕೆ ಬತ್ತು. ಚೆಂದ ಕಾಣ್ತು, ಅಪ್ಪು. ನೀರು ಮಾಂತ್ರ ಮನೆ ಹೊಡೆಂಗೇ ಹರಿತ್ತು.

ನೆಲದ ಪಸೆ ಎಲ್ಲಿಂದ ಹೇಳಿ ತಿಳಿವಲೆ ಒಂದು ಸುಲಭದ ಉಪಾಯ ಇದ್ದು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ಕಿನ ನೆಲಕ್ಕೆ ಮಡುಗಿ, ನಾಲ್ಕೂ ಕರೆಗೆ ಟೇಪು ಅಂಟುಸಿ, ಒಂದು ದಿನ ಬಿಡಿ. ಅಡಿಲಿ ನೀರು ಕಂಡರೆ ಪಸೆ ಮಣ್ಣಿಂದ ಬತ್ತಾ ಇದ್ದು. ಮೇಲೆ ಕಂಡರೆ ಗಾಳಿಂದ. ಗಾಳಿಂದ ಆದರೆ, ಮಳೆ ಹೊಯ್ವಗ ಕಿಟಿಕಿ ತೆಗದು ಮಡುಗಿ ಪ್ರಯೋಜನ ಇಲ್ಲೆ, ಹೆರಾಣ ಗಾಳಿಲೇ ನೀರಿದ್ದು. ಬೆಶಿಲು ಕಂಡಪ್ಪಗ ತೆಗೆಯಿ, ಫ್ಯಾನು ಹಾಕಿ.

ಮಣ್ಣಿಂದ ಆದರೆ ಪೈಂಟಿಂದ ಮದಲು ಮಾಡೆಕ್ಕಾದ್ದು ಮೂರು. ಮಾಡಿನ ನೀರಿಂಗೆ ದಂಬೆ ಕಟ್ಟುಸಿ, ಮನೆಂದ ದೂರ ಬಿಡೆಕ್ಕು. ಜಾಲಿನ ಮಣ್ಣು ಗೋಡೆಂದ ಹೆರಂಗೆ 10 ಅಡಿಗೆ ಅರ್ಧ ಅಡಿ ಆದರೂ ಇಳಿಯೆಕ್ಕು. ಗುಡ್ಡೆ ಹೊಡೆಲಿ ಒಂದು ಕಣಿ ಬೇಕು. ಇಷ್ಟು ಮಾಡಿಕ್ಕಿ, ಗೋಡೆ ಒಂದು ಬೇಸಗೆ ಸರಿಯಾಗಿ ಒಣಗಲಿ. ಬಣ್ಣ ಮತ್ತೆ.

ಹಳಬ್ಬರು ಪತ್ತಾಯಕ್ಕೆ ಕಾಲು ಮಡುಗಿದ್ದು ಸುಮ್ಮನೆ ಅಲ್ಲ. ಅಡಿಲಿ ಗಾಳಿ ಆಡೆಕ್ಕು ಹೇಳಿ ಅವಕ್ಕೆ ಗೊಂತಿತ್ತು. ಅಕ್ಕಿಗೆ ಅಷ್ಟು ಜಾಗ್ರತೆ ಮಾಡಿದ ಮನೆಲಿ, ಆ ಚೆಂಡಿ ಕೋಣೆಲಿ ಈಗ ಮನುಗುವದು ಆರು? ಹೆಚ್ಚಾಗಿ ಮೆಟ್ಲು ಹತ್ತಲೆ ಎಡಿಯದ್ದ ಅಜ್ಜಿಯೋ ಅತ್ತೆಯೋ. ಉಬ್ಬಸ ಇಪ್ಪವಕ್ಕೆ ಬೂಸರಿನ ಗಾಳಿ ಆಗ. ಅವರ ಸೆಮ್ಮಕ್ಕೆ ಕಷಾಯ ಮಾಡುವದು ನಾವೇ, ಗೋಡೆ ಉದ್ದುವದೂ ನಾವೇ.

ಹಾಂಗಾಗಿ ಪಸೆ ಯಾವ ಮೂಲೆಲಿ ಸುರು ಆವುತ್ತು, ಎಷ್ಟು ಮಳೆಗೆ ಎಷ್ಟು ಏರುತ್ತು ಹೇಳಿ ನವಗೆ ಗೊಂತಿದ್ದಷ್ಟು ಮೇಸ್ತ್ರಿಗೂ ಗೊಂತಿಲ್ಲೆ. ಆದರೆ ನಮ್ಮತ್ರೆ ಕೇಳುವದು ಎಂತರ? "ಗೋಡೆಗೆ ಯಾವ ಬಣ್ಣ ಅಕ್ಕು?" ಹೇಳಿ ಮಾಂತ್ರ. ಈ ಸರ್ತಿ ಬಣ್ಣದ ಪುಸ್ತಕ ಬಿಡುಸುವಗ ಒಂದು ಮಾತು ಕೇಳಿಕ್ಕಿ: "ಬಣ್ಣ ಮತ್ತೆ ಹೇಳ್ತೆ, ಕಣಿ ಏವಗ ತೆಗೆಶುತ್ತಿ?"