ಜಾನ್‌ಸ್ಟನ್‌ಗೆ ದಾರಿ ಕ್ಯಾಸೆಟ್ಟಿನಿಂದಲೇ

ಡೇನಿಯಲ್ ಜಾನ್‌ಸ್ಟನ್ ಎಂಬ ಅಮೆರಿಕದ ವಿಲಕ್ಷಣ ಹಾಡುಗಾರನನ್ನು ಹೊಸದಾಗಿ ಕೇಳಹೊರಟವರಿಗೆ ಬಲ್ಲವರು ಸಾಮಾನ್ಯವಾಗಿ ಎರಡು ದಾರಿ ತೋರಿಸುತ್ತಾರೆ. ಒಂದು, ಆತನ ಬದುಕು ಕುರಿತ 2005ರ ಸಾಕ್ಷ್ಯಚಿತ್ರ ‘ದಿ ಡೆವಿಲ್ ಅಂಡ್ ಡೇನಿಯಲ್ ಜಾನ್‌ಸ್ಟನ್’. ಇನ್ನೊಂದು, ಟಾಮ್ ವೇಟ್ಸ್, ಬೆಕ್ ಮುಂತಾದ ಹೆಸರಾಂತರು ಆತನ ಹಾಡುಗಳನ್ನು ಹಾಡಿದ 2004ರ ಸಂಕಲನ. ಎರಡೂ ಒಳ್ಳೆಯ ಕೆಲಸಗಳೇ, ಆದರೆ ಮೊದಲ ಹೆಜ್ಜೆಗೆ ಎರಡೂ ಒದಗುವುದಿಲ್ಲ. ಶುರು ಮಾಡಬೇಕಾದದ್ದು 1983ರ ‘ಯಿಪ್/ಜಂಪ್ ಮ್ಯೂಸಿಕ್’ ಎಂಬ ಕ್ಯಾಸೆಟ್‌ನಿಂದ, ಅದರ ಗೊರಗೊರ ಸದ್ದಿನ ಸಮೇತ.

1961ರಲ್ಲಿ ಹುಟ್ಟಿ ವೆಸ್ಟ್ ವರ್ಜೀನಿಯಾದಲ್ಲಿ ಬೆಳೆದ ಜಾನ್‌ಸ್ಟನ್, 1980ರ ಸುಮಾರಿಗೆ ಅಪ್ಪ-ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಅಗ್ಗದ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಪಿಯಾನೋ ನುಡಿಸುತ್ತ ‘ಸಾಂಗ್ಸ್ ಆಫ್ ಪೇನ್’ ಮಾಡಿದ. ಒಂದು ಟೇಪಿನಿಂದ ಇನ್ನೊಂದಕ್ಕೆ ನಕಲು ತೆಗೆಯುವ ಸೌಕರ್ಯ ಆಗ ಆತನ ಬಳಿ ಇರಲಿಲ್ಲ. ಹಾಗಾಗಿ ಯಾರಾದರೂ ಪ್ರತಿ ಕೇಳಿದರೆ ಇಡೀ ಆಲ್ಬಮ್ಮನ್ನೇ ಮೊದಲಿಂದ ಹಾಡಿ ಕೊಡುತ್ತಿದ್ದ! ಮುಂದೆ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಕೆಲಸದ ನಡುವೆಯೇ ತನ್ನ ಕ್ಯಾಸೆಟ್‌ಗಳನ್ನು ಸಿಕ್ಕಸಿಕ್ಕವರ ಕೈಗಿಡುತ್ತಿದ್ದ. ಅಂದಮೇಲೆ ಎಲ್ಲೋ ಒಂದು ಚೊಕ್ಕ ಮೂಲಪ್ರತಿ ಇದ್ದು, ನಮಗೆ ಮಾತ್ರ ಕೆಟ್ಟ ನಕಲು ಸಿಕ್ಕಿದೆ ಎಂದು ಕೊರಗುವಂತಿಲ್ಲ. ಈಗ ಯೂಟ್ಯೂಬ್‌ನಲ್ಲಿ ಹಳೆಯ ಕನ್ನಡ ಹಾಡುಗಳಿಗೂ ‘ಲೋ-ಫೈ’ (ಒರಟು ಸದ್ದಿನ) ಲೇಪ ಹಚ್ಚುವವರಿದ್ದಾರೆ. ಅಲ್ಲಿ ಸದ್ದು ಆಮೇಲೆ ಬಳಿದದ್ದು. ಜಾನ್‌ಸ್ಟನ್‌ನಲ್ಲಿ ಅದು ಹಾಡು ಹುಟ್ಟಿದ ಕೋಣೆಯದೇ ಸದ್ದು.

ಹಾಡು ಗಟ್ಟಿಯಾಗಿದ್ದರೆ ಯಾರು ಹಾಡಿದರೂ, ಎಷ್ಟು ಶುಭ್ರವಾಗಿ ಹಾಡಿದರೂ ನಿಲ್ಲಬೇಕಲ್ಲವೇ ಎಂದು ಕೇಳಬಹುದು. ನಿಲ್ಲುತ್ತದೆ. ಬೀಟಲ್ಸ್ ಕೇಳಿ ಕಲಿತ ರಾಗದ ಹಿಡಿತ ಆತನದು. ಇಷ್ಟು ಜನ ಆ ಹಾಡುಗಳನ್ನು ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ಆದರೆ ‘ಕಿಂಗ್ ಕಾಂಗ್’ ಹಾಡನ್ನೇ ಎರಡೂ ಕಡೆ ಕೇಳಿ ನೋಡಿ. ವೇಟ್ಸ್ ಗೊಗ್ಗರು ದನಿಯಲ್ಲಿ ಗುಡುಗುತ್ತಾರೆ, ದೈತ್ಯ ವಾನರ ಎದುರೇ ಬಂದು ನಿಂತಂತಾಗುತ್ತದೆ. ಕ್ಯಾಸೆಟ್ಟಿನಲ್ಲಿ ಈ ಹಾಡಿಗೆ ವಾದ್ಯವೇ ಇಲ್ಲ. ಎಳೆಯ, ಒಡಕು ದನಿಯೊಂದು ಆ ಸಿನಿಮಾದ ಕಥೆಯನ್ನು ಮೊದಲಿಂದ ಕೊನೆವರೆಗೆ ಒಪ್ಪಿಸುತ್ತದೆ, ಪೂರ್ತಿ ವಾನರನ ಪಕ್ಷ ವಹಿಸಿ. ವೇಟ್ಸ್‌ರದು ಭರ್ಜರಿ ಅಭಿನಯ. ಇನ್ನೊಂದು, ಆ ವಾನರನ ಸಾವನ್ನು ಇನ್ನೂ ಒಪ್ಪಿಕೊಳ್ಳಲಾಗದ ಪ್ರೇಕ್ಷಕನ ವರದಿ. 1994ರಲ್ಲಿ ಅಟ್ಲಾಂಟಿಕ್‌ನಂಥ ದೊಡ್ಡ ಕಂಪನಿ ‘ಫನ್’ ಆಲ್ಬಮ್ ಹೊರತಂದಾಗಲೂ ನಷ್ಟವಾದದ್ದು ಇಂಥದ್ದೇ ಒಂದು ಗುಣ. ಅದು ಮಾರಾಟವಾಗಲಿಲ್ಲ ಎಂಬುದನ್ನು ಪುರಾವೆ ಮಾಡಿಕೊಳ್ಳಬೇಕಿಲ್ಲ, ಕ್ಯಾಸೆಟ್‌ಗಳೇನು ಲಕ್ಷಗಟ್ಟಲೆ ಖರ್ಚಾಗಿದ್ದವೇ? ಕ್ಯಾಸೆಟ್ಟಿನ ಬೇರೆ ಹಾಡುಗಳಲ್ಲಿ ಮಾತಿನ ಅವಸರಕ್ಕೆ ತಕ್ಕಂತೆ ಲಯ ಓಡುತ್ತದೆ, ತಡವರಿಸುತ್ತದೆ, ಕಾರ್ಡ್ ಆರ್ಗನ್ ಎಂಬ ಪುಟ್ಟ ಕೀಲಿಮಣೆ ವಾದ್ಯ ಹಿಂದೆಯೇ ಏದುಸಿರು ಬಿಡುತ್ತ ಬರುತ್ತದೆ. ಸ್ಟುಡಿಯೋದ ಅಚ್ಚುಕಟ್ಟಿನಲ್ಲಿ ಈ ಓಟಕ್ಕೆ ಜಾಗ ಕಡಿಮೆ.

ಇದಕ್ಕಿಂತ ಕಠಿಣವಾದ ಆಕ್ಷೇಪ ಬೇರೆ ಇದೆ. ಜಾನ್‌ಸ್ಟನ್ ಜೀವನದ ಬಹುಪಾಲು ತೀವ್ರ ಮಾನಸಿಕ ಕಾಯಿಲೆಯಿಂದ ನರಳಿದವನು, ಮತ್ತೆ ಮತ್ತೆ ಆಸ್ಪತ್ರೆ ಸೇರಿದವನು. ಆ ಒಡಕು ದನಿಯನ್ನು ಸವಿಯುವುದೆಂದರೆ ಒಬ್ಬನ ಸಂಕಟವನ್ನು ತಮಾಷೆ ನೋಡಿದಂತಲ್ಲವೇ? ಅಪಾಯ ನಿಜ. ಸಾಕ್ಷ್ಯಚಿತ್ರದಿಂದ ಶುರು ಮಾಡಬಾರದೆನ್ನುವುದೂ ಇದಕ್ಕೇ. ಅದನ್ನು ನೋಡಿ ಬಂದವರಿಗೆ ಪ್ರತಿ ಹಾಡೂ ರೋಗಲಕ್ಷಣವಾಗಿ ಕೇಳಿಸುತ್ತದೆ, ಮರುಕ ಮೊದಲೇ ಬಂದು ಕಿವಿಯ ಬಾಗಿಲಲ್ಲಿ ಕೂತುಬಿಡುತ್ತದೆ. ‘ಯಿಪ್/ಜಂಪ್’ನಲ್ಲಿ ಇರುವುದಾದರೂ ಏನು? ಕಾರ್ಟೂನಿನ ಕ್ಯಾಸ್ಪರ್ ಭೂತ, ಬೀಟಲ್ಸ್, ನಾಗಾಲೋಟದ ಮೋಟಾರ್‌ಸೈಕಲ್ಲು, ದೇವರು. ಜೊತೆಗೆ ಸಾಕಷ್ಟು ತುಂಟತನ, ತಾನೇನು ಮಾಡುತ್ತಿದ್ದೇನೆಂದು ಬಲ್ಲವನ ತುಂಟತನ.

ಎಲ್ಲ ಹಾಡೂ ಚೆನ್ನಾಗಿವೆ ಎಂದಲ್ಲ. ಕೆಲವು ಎಳೆದಾಡುತ್ತವೆ, ದಾಟಿಸಿ ಮುಂದೆ ಹೋದರೆ ಏನೂ ಮೋಸವಿಲ್ಲ. ನಂತರ ಅದೇ ವರ್ಷದ ‘ಹಾಯ್, ಹೌ ಆರ್ ಯೂ’ ಕೇಳಬಹುದು. 1992ರಲ್ಲಿ ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ ತೊಟ್ಟ ಟೀ-ಶರ್ಟಿನಿಂದಾಗಿ ಅದರ ಕಪ್ಪೆಯ ಚಿತ್ರ ಜಗತ್ತಿಗೆಲ್ಲ ಗೊತ್ತು, ಹಾಡುಗಳು ಗೊತ್ತಿರುವುದು ಕೆಲವರಿಗೆ ಮಾತ್ರ. ಆಮೇಲೆ ‘1990’ ಎಂಬ ಆಲ್ಬಮ್. ಸಂಕಲನ, ಸಿನಿಮಾ ಎಲ್ಲ ಅದಾದ ಮೇಲೆ. ‘ಫನ್’ ಬೇಕಿದ್ದರೆ ಕೊನೆಗೆ.