ಸ್ವಿಚ್ ಹಾಕಿದ ಕೂಡಲೇ ಸೌಂಡ್ ಬರಬೇಕೇ?

ನಮ್ಮ ಕಡೆಯ ಕೆಲವು ಮಸೀದಿಗಳಲ್ಲಿ ಈಗ ಹಳೆಯ ಆಂಪ್ಲಿಫೈಯರ್ ಜೊತೆ ಡಿಜಿಟಲ್ ಸ್ಪೀಕರ್ ಪ್ರೊಸೆಸರ್ ಕೂಡ ಇದೆ. ಮೈಕ್ ಕೀರಲುವುದು ಕಡಿಮೆಯಾಗಿದೆ, ಜುಮಾ ಖುತ್ಬಾ ಹಿಂದಿನ ಸಾಲಿಗೂ ಸ್ಪಷ್ಟವಾಗಿ ಕೇಳುತ್ತದೆ. ದೂರು ಒಂದೇ: ಕರೆಂಟ್ ಹೋಗಿ ಬಂದರೆ ಕೂಡಲೇ ಸೌಂಡ್ ಬರುವುದಿಲ್ಲ. ಮಗ್ರಿಬ್ ಹೊತ್ತಿಗೆ ಹೀಗಾದರಂತೂ ಯಾರಾದರೂ ಓಡಿಹೋಗಿ ಸ್ವಿಚ್ ಆಫ್ ಮಾಡಿ ಮತ್ತೆ ಹಾಕುತ್ತಾರೆ. ಆಗಲೂ ಬರುವುದಿಲ್ಲ, ಇನ್ನೊಮ್ಮೆ ಆಫ್. ಕೊನೆಗೆ "ಹೊಸ ಮೆಷಿನ್ ಸರಿಯಿಲ್ಲ, ಹಳೆಯದೇ ವಾಸಿ" ಎಂಬ ತೀರ್ಮಾನ.

ಮೆಷಿನ್ ಸರಿಯಾಗಿಯೇ ಇರುತ್ತದೆ. ಅದರೊಳಗಿನ ಡಿಜಿಟಲ್ ಸಿಗ್ನಲ್ ಪ್ರೊಸೆಸರ್, ಅಂದರೆ ಡಿಎಸ್‌ಪಿ, ತನ್ನ ವೇಗದ ರ್‍ಯಾಮ್‌ನಲ್ಲಿ ಪ್ರೋಗ್ರಾಂ ಇಟ್ಟುಕೊಂಡು ಕೆಲಸ ಮಾಡುತ್ತದೆ. ಕರೆಂಟ್ ಹೋದರೆ ರ್‍ಯಾಮ್ ಖಾಲಿ. ಅಳಿಯದ ಪ್ರತಿ ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ. ಹಾಗಾಗಿ ಪ್ರತಿ ಸಲ ಪವರ್ ಬಂದಾಗ ಅದನ್ನು ರ್‍ಯಾಮ್‌ಗೆ ನಕಲು ಮಾಡಿಕೊಳ್ಳಬೇಕು. ಇದಕ್ಕೇ ಬೂಟ್ ಎನ್ನುವುದು. ಎಲ್ಲಿಂದ ನಕಲು ಮಾಡಬೇಕು ಎಂಬುದನ್ನು ಹಲವು ಚಿಪ್‌ಗಳು ತಮ್ಮ ಕೆಲವು ಪಿನ್‌ಗಳು 0 ಆಗಿವೆಯೋ 1 ಆಗಿವೆಯೋ ನೋಡಿ ತಿಳಿಯುತ್ತವೆ.

ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ನಲ್ಲಿ ಕಾಣಸಿಗುವ ಟಿಎಂಎಸ್320ಸಿ6713 ಚಿಪ್ಪನ್ನೇ ನೋಡಿ. ಫ್ಲ್ಯಾಶ್‌ನಿಂದ ಏಳುವಂತೆ ಇಟ್ಟರೆ, ಮೊದಲ 1024 ಬೈಟ್ ಮಾತ್ರ ತಾನಾಗಿಯೇ ಸೊನ್ನೆ ವಿಳಾಸಕ್ಕೆ ನಕಲಾಗುತ್ತದೆ. ಅಲ್ಲಿಯವರೆಗೆ ಪ್ರೊಸೆಸರ್ ಕಾಯುತ್ತಿರುತ್ತದೆ. ಒಂದು ಸೂಚನೆಗೆ 4 ಬೈಟ್ ಬೇಕು, ಅಂದರೆ 256 ಸೂಚನೆಗಳಷ್ಟೇ ಜಾಗ. ದೊಡ್ಡ ಪ್ರೋಗ್ರಾಂ ಅದರಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಅಲ್ಲಿ ಇಡುವುದು ಉಳಿದದ್ದನ್ನು ತಂದು ಹಾಕುವ ಒಂದು ಪುಟ್ಟ ಪ್ರೋಗ್ರಾಂ. ಕೂಲಿಯವನು ಮೊದಲು ಬಂದು ಆಮೇಲೆ ಸಾಮಾನು ಇಳಿಸಿದ ಹಾಗೆ!

ನಡುವೆ ಸ್ವಿಚ್ ಆಫ್ ಮಾಡಿದರೆ ಇದೆಲ್ಲ ಮತ್ತೆ ಮೊದಲಿನಿಂದ. ಬೂಟ್ ಸಮಯದಲ್ಲಿ ಫ್ಲ್ಯಾಶನ್ನು ಓದುವುದು ಮಾತ್ರ ನಡೆಯುವುದರಿಂದ ಸಾಮಾನ್ಯವಾಗಿ ಹೊತ್ತು ಹಾಳಾಗುತ್ತದೆ ಅಷ್ಟೆ. ಆದರೆ ಹೊಸ ಸಾಫ್ಟ್‌ವೇರ್ ಬರೆಯುತ್ತಿರುವಾಗ ಕರೆಂಟ್ ತೆಗೆದರೆ ಮೆಷಿನ್ ಏಳದೆಯೇ ಹೋಗಬಹುದು. ಜಮಾಅತ್ ಕಮಿಟಿಯವರು ಪ್ರೊಸೆಸರ್‌ಗೆ ಮಾತ್ರ ಒಂದು ಸಣ್ಣ ಯುಪಿಎಸ್ ಕೊಟ್ಟರೆ ಸಾಕು. ಹಾಕುವಾಗ ಪ್ರೊಸೆಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ತೆಗೆಯುವಾಗ ಆಂಪ್ಲಿಫೈಯರ್ ಮೊದಲು. ಇದನ್ನು ಸ್ವಿಚ್ ಬೋರ್ಡ್ ಮೇಲೆ ಬರೆದು ಅಂಟಿಸಬಹುದು.

ಇದನ್ನು ಹೇಳಬೇಕಾದವರು ನಾವು, ಸೈನ್ಸ್ ಓದುವವರು. ಆದರೆ ನಮಗೆ ರ್‍ಯಾಮ್ ಮತ್ತು ರಾಮ್ ವ್ಯತ್ಯಾಸ ಎಂದರೆ ಎರಡು ಅಂಕದ ಪ್ರಶ್ನೆ. ಒಂದೇ ಯಂತ್ರದಲ್ಲಿ ಎರಡೂ ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಎಂದರೆ "ಅದಕ್ಕೆ ಏನು ಕೆಲಸ ಸಿಗುತ್ತದೆ?" ಎನ್ನುತ್ತಾರೆ. ಮೇಲೆ ಹೇಳಿದ ಚಿಪ್ ಮಾಡಿದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದ ಕಂಪೆನಿ. ಕೆಲಸ ದೂರದ ದೇಶದಲ್ಲೇನೂ ಇಲ್ಲ.

ಡಿಎಸ್‌ಪಿ ಬೋರ್ಡ್ ದುಬಾರಿ ಎನ್ನುವುದು ನಿಜ. ಆದರೆ ನಮ್ಮಲ್ಲಿ ಹಲವರು ಬಳಸುವ ಆರ್ಡುಯಿನೋ ಊನೋದಲ್ಲೂ 32 ಕಿಲೋಬೈಟ್ ಫ್ಲ್ಯಾಶ್‌ನ ಅರ್ಧ ಕಿಲೋಬೈಟ್ ಬೂಟ್‌ಲೋಡರ್‌ಗೇ ಮೀಸಲು. ಅದರಲ್ಲಿ ಪ್ರೋಗ್ರಾಂ ಫ್ಲ್ಯಾಶ್‌ನಿಂದಲೇ ಓಡುತ್ತದೆ, ರ್‍ಯಾಮ್‌ಗೆ ನಕಲಾಗುವುದಿಲ್ಲ. ಈ ವ್ಯತ್ಯಾಸವೇ ಒಂದು ಒಳ್ಳೆಯ ಪ್ರಾಕ್ಟಿಕಲ್ ಆಗುತ್ತದೆ.

ವಿಜ್ಞಾನ ಪ್ರದರ್ಶನದ ನಿಯಮಗಳಿಗೂ ನನ್ನದೊಂದು ಸಲಹೆ. ಪ್ರಾಜೆಕ್ಟ್ ಲ್ಯಾಪ್‌ಟಾಪ್‌ಗೆ ಕಟ್ಟಿಕೊಂಡೇ ಓಡುತ್ತಿದ್ದರೆ ಅದು ಪೂರ್ತಿಯಾದ ಪ್ರಾಜೆಕ್ಟ್ ಅಲ್ಲ. ತೀರ್ಪುಗಾರರು ಕೇಬಲ್ ಕಳಚಲಿ, ಪವರ್ ತೆಗೆದು ಮತ್ತೆ ಕೊಡಲಿ, ತಾನಾಗಿಯೇ ಎದ್ದರೆ ಮಾತ್ರ ಪೂರ್ಣ ಅಂಕ ಕೊಡಲಿ. "ಪಿಯುಸಿಯವರಿಗೆ ಇದು ಜಾಸ್ತಿಯಾಯಿತು" ಎಂದು ಗೆಳೆಯರು ಈಗಾಗಲೇ ಗೊಣಗುತ್ತಿದ್ದಾರೆ. ಅವರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಲಿ.